ಯುದ್ಧದ ಚಿತ್ರ ನೋಡುವಾಗ ಮೊದಲು ನೆಲ ನೋಡಿ

ಯುರೋಪಿನ ದೊಡ್ಡ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಇಂಥದೊಂದು ಕೋಣೆ ಸಿಗುತ್ತದೆ. ಗೋಡೆ ತುಂಬ ಕಂದು ಬಣ್ಣದ ಚಿತ್ರಗಳು. ಮುಂಗಾಲೆತ್ತಿ ನಿಂತ ಕುದುರೆಗಳು, ದಟ್ಟ ಹೊಗೆ, ಎತ್ತಿದ ಕತ್ತಿ, ಬಿದ್ದ ಹೆಣ. ಜನ ಒಳಗೆ ಬರುತ್ತಾರೆ, ಒಂದು ಸುತ್ತು ಕಣ್ಣಾಡಿಸುತ್ತಾರೆ, ಮುಂದಿನ ಕೋಣೆಗೆ ಹೋಗಿಬಿಡುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದೆ. ಎಲ್ಲ ಚಿತ್ರವೂ ಒಂದೇ ಥರ ಕಂಡಿತು. ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅನ್ನುವುದೂ ತಿಳಿಯಲಿಲ್ಲ.

ನನ್ನ ತಪ್ಪು ಇಷ್ಟೇ. ನಾನು ಕುದುರೆಗಳನ್ನು ನೋಡುತ್ತಿದ್ದೆ. ಚಿತ್ರಕಾರ ನಮ್ಮ ಕಣ್ಣು ಅಲ್ಲಿಗೇ ಹೋಗಲಿ ಅಂತಲೇ ಬರೆದಿರುತ್ತಾನೆ, ಅದು ಬೇರೆ ಮಾತು. ಆದರೆ ಚಿತ್ರದ ಬೀಗದ ಕೈ ಇರುವುದು ಕುದುರೆಯ ಕಾಲ ಕೆಳಗಿನ ನೆಲದಲ್ಲಿ, ಅದರ ಹಿಂದಿನ ಗುಡ್ಡ, ನದಿ, ಆಕಾಶದಲ್ಲಿ. ಅಲ್ಲಿಂದ ಶುರು ಮಾಡಿದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗುತ್ತದೆ.

ಈ ಚಿತ್ರಗಳು ಬರೋಕ್ ಕಾಲದವು. ಬರೋಕ್ ಅಂದರೆ ಸುಮಾರು 1600ರಿಂದ 1750ರವರೆಗೆ ಯುರೋಪಿನಲ್ಲಿ ನಡೆದ ಶೈಲಿ. ಜೋರು ಚಲನೆ, ಬೆಳಕು ಕತ್ತಲೆಯ ಜಗ್ಗಾಟ, ನೋಡುವವನನ್ನು ಒಳಗೆಳೆದುಕೊಳ್ಳುವ ಆಸೆ, ಇವು ಅದರ ಗುಣ. ಆ ಕಾಲದಲ್ಲಿ ಯುದ್ಧಕ್ಕೆ ಬರವಿರಲಿಲ್ಲ. 1618ರಿಂದ 1648ರವರೆಗೆ ಮೂವತ್ತು ವರ್ಷಗಳ ಯುದ್ಧ ಜರ್ಮನ್ ನಾಡನ್ನು ಹಾಳುಗೆಡವಿತು. ಸ್ಪೇನಿಗೂ ಡಚ್ಚರಿಗೂ ನಡೆಯುತ್ತಿದ್ದ ಕಾದಾಟ ಮುಗಿದದ್ದೂ 1648ರಲ್ಲೇ. ಯುದ್ಧದ ಚಿತ್ರಕ್ಕೆ ಗಿರಾಕಿಗಳು ಬೇಕಾದಷ್ಟು ಜನ ಇದ್ದರು: ರಾಜರು, ಸೇನಾಪತಿಗಳು, ಪಾದ್ರಿಗಳು, ದುಡ್ಡಿದ್ದ ವ್ಯಾಪಾರಿಗಳು.

ಈಗ ಒಂದು ಚಿತ್ರ ಎದುರಿಗಿಟ್ಟುಕೊಳ್ಳಿ. ಮ್ಯೂಸಿಯಂಗೆ ಹೋಗಲೇಬೇಕು ಅಂತೇನಿಲ್ಲ. ಮ್ಯಾಡ್ರಿಡ್‌ನ ಪ್ರಾಡೋ, ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂ, ಪ್ಯಾರಿಸ್‌ನ ಲೂವ್ರ್ ತಮ್ಮ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಮೊಬೈಲ್ ಬೇಡ, ಪರದೆ ಸಾಲದು. ಕಂಪ್ಯೂಟರ್ ಇದ್ದರೆ ಒಳ್ಳೆಯದು. ಜೊತೆಗೆ ಒಂದು ಪೆನ್ಸಿಲ್, ಒಂದು ಬಿಳಿ ಹಾಳೆ.

ಹಂತ 1: ದಿಗಂತದ ಗೆರೆ ಎಳೆಯಿರಿ

ಹಾಳೆಯ ಮೇಲೆ ಚಿತ್ರದ ಆಕಾರದ ಒಂದು ಚೌಕಟ್ಟು ಬರೆಯಿರಿ. ಅದರೊಳಗೆ ಆಕಾಶ ಎಲ್ಲಿ ಮುಗಿದು ನೆಲ ಶುರುವಾಗುತ್ತದೋ ಅಲ್ಲಿ ಅಡ್ಡಗೆರೆ ಹಾಕಿ. ಗುಡ್ಡ ಅಡ್ಡ ಬಂದರೆ, ಗುಡ್ಡ ಇರದಿದ್ದರೆ ಎಲ್ಲಿ ಬರುತ್ತಿತ್ತು ಅಂತ ಅಂದಾಜು ಮಾಡಿ. ಸೈನಿಕರನ್ನು ಬರೆಯಬೇಡಿ. ಒಬ್ಬನನ್ನೂ.

ಗೆರೆ ತೀರ ಮೇಲಿದೆಯಾ, ಚೌಕಟ್ಟಿನ ಮೇಲಿನ ಅಂಚಿನ ಹತ್ತಿರ? ಅಥವಾ ಕೆಳಗೆ, ಅರ್ಧಕ್ಕಿಂತ ಕಡಿಮೆ ಎತ್ತರದಲ್ಲಿದೆಯಾ? ಇಷ್ಟು ಗೊತ್ತಾದರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 2: ಚಿತ್ರಕಾರ ಎಲ್ಲಿ ನಿಂತಿದ್ದಾನೆ ಅಂತ ಕೇಳಿ

ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಉಳಿದ ಹಂತಗಳನ್ನು ಬಿಟ್ಟರೂ ನಡೆದೀತು, ಇದನ್ನು ಬಿಡಬೇಡಿ.

ಗೆರೆ ಮೇಲಿದ್ದರೆ ಅವನು ಎತ್ತರದಲ್ಲಿ ನಿಂತಿದ್ದಾನೆ. ಗುಡ್ಡದ ಮೇಲೆ, ಇಲ್ಲವೇ ಹಕ್ಕಿಯಂತೆ ಇನ್ನೂ ಮೇಲೆ. ಈ ಬಗೆಯ ಚಿತ್ರಕ್ಕೆ ಹೆಸರಾದವನು ಪೀಟರ್ ಸ್ನೈಯರ್ಸ್ (1592–1667). ಆಂಟ್‌ವರ್ಪ್‌ನಲ್ಲಿ ಹುಟ್ಟಿ ಬ್ರಸೆಲ್ಸ್‌ನಲ್ಲಿ ಕೆಲಸ ಮಾಡಿದವನು. ಅವನ ಚಿತ್ರದ ಕೆಳಭಾಗದಲ್ಲಿ ಒಂದು ದಿಬ್ಬ ಇರುತ್ತದೆ. ಅದರ ಮೇಲೆ ಕುದುರೆ ಏರಿದ ನಾಲ್ಕಾರು ದೊಡ್ಡ ಮನುಷ್ಯರು, ಪಕ್ಕಕ್ಕೊಂದು ಮರ. ಅವರ ಆಚೆ ನೆಲ ಒಮ್ಮೆಗೇ ಕೆಳಗಿಳಿದು ಚಾಪೆ ಹಾಸಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಕೋಟೆ, ಕಂದಕ, ಹೊಳೆ, ರಸ್ತೆ, ಡೇರೆಗಳ ಸಾಲು, ಇರುವೆಗಳಂಥ ಕಾಲಾಳುಗಳ ಚೌಕ. ಅರ್ಧ ಚಿತ್ರ, ಅರ್ಧ ನಕ್ಷೆ. ಒಟ್ಟಾವಿಯೋ ಪಿಕ್ಕೊಲೊಮಿನಿ ಅನ್ನುವ ಸೇನಾಪತಿಗೆ ಅವನು ಇಂಥ 12 ಚಿತ್ರ ಬರೆದುಕೊಟ್ಟ. ಅವು ಈಗ ವಿಯೆನ್ನಾದ ಸೇನಾ ಇತಿಹಾಸ ಮ್ಯೂಸಿಯಂನಲ್ಲಿವೆ.

ಇಂಥ ಚಿತ್ರ ಯಾರಿಗೆ ಬೇಕು? ಗೆದ್ದವನಿಗೆ. ನಾನು ಎಲ್ಲಿ ತೋಪು ಇಟ್ಟಿದ್ದೆ, ಎಡಗಡೆಯ ದಂಡನ್ನು ಎಲ್ಲಿಂದ ನುಗ್ಗಿಸಿದೆ ಅಂತ ಮನೆಗೆ ಬಂದವರಿಗೆ ಬೆರಳಿಟ್ಟು ತೋರಿಸಲು. ಆದ್ದರಿಂದ ಇಂಥ ಚಿತ್ರವನ್ನು ಬೆರಳಿನಿಂದಲೇ ಓದಬೇಕು. ಹೊಳೆ ಹಿಡಿದು ಹೋಗಿ. ಸೇತುವೆ ಎಲ್ಲಿದೆ ನೋಡಿ. ರಸ್ತೆ ಕೋಟೆಯ ಯಾವ ಬಾಗಿಲಿಗೆ ಸೇರುತ್ತದೆ ನೋಡಿ. ಮುತ್ತಿಗೆಯ ಚಿತ್ರವಾದರೆ ಕೋಟೆಯ ಕಡೆಗೆ ಸೊಟ್ಟಸೊಟ್ಟಗೆ ಹೋಗುವ ಕಂದಕಗಳನ್ನು ಹುಡುಕಿ. ಅವು ನೇರ ಇರುವುದಿಲ್ಲ. ನೇರ ತೋಡಿದರೆ ಕೋಟೆಯ ಮೇಲಿಂದ ಹಾರಿಸಿದ ಒಂದು ಗುಂಡು ಕಂದಕದ ಉದ್ದಕ್ಕೂ ಹೋಗಿಬಿಡುತ್ತದಲ್ವಾ, ಅದಕ್ಕೆ.

ಗೆರೆ ಕೆಳಗಿದ್ದರೆ ಕಥೆಯೇ ಬೇರೆ. ಚಿತ್ರಕಾರ ಧೂಳಿನಲ್ಲೇ ನಿಂತಿದ್ದಾನೆ. ಕುದುರೆಯ ಹೊಟ್ಟೆ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಸವಾರರು ಆಕಾಶಕ್ಕೆ ಅಂಟಿಕೊಂಡ ಹಾಗೆ ಕಾಣುತ್ತಾರೆ. ದಂಡು ಎಷ್ಟು ದೊಡ್ಡದು, ಯಾರು ಗೆಲ್ಲುತ್ತಿದ್ದಾರೆ, ಒಂದೂ ತಿಳಿಯುವುದಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡ ಸೈನಿಕನಿಗೂ ಇಷ್ಟೇ ಕಂಡಿರುತ್ತದೆ. ನೇಪಲ್ಸ್‌ನ ಅನಿಯೆಲ್ಲೊ ಫಾಲ್ಕೊನೆ, ಅವನ ಬಳಿ ಕಲಿತ ಸಾಲ್ವತೋರ್ ರೋಸಾ, ಫ್ರಾನ್ಸಿನ ಗಡಿಯ ಕಡೆಯಿಂದ ಇಟಲಿಗೆ ಬಂದ ಜಾಕ್ ಕೂರ್ತ್ವಾ, ಇವರೆಲ್ಲ ಈ ದಾರಿಯವರು. ಕೂರ್ತ್ವಾನನ್ನು ಇಟಲಿಯ ಜನ ಬೊರ್ಗೊನ್ಯೋನೆ ಅಂತ ಕರೆದರು, ಬರ್ಗಂಡಿಯವನು ಅಂತ ಅರ್ಥ. ಹುಡುಗನಾಗಿದ್ದಾಗ ಸೈನ್ಯದ ಜೊತೆ ಅಲೆದವನು. 1657ರಲ್ಲಿ ಜೆಸ್ಯೂಟ್ ಸಂಘ ಸೇರಿದ. ಸನ್ಯಾಸ ಹಿಡಿದ ಮೇಲೂ ಯುದ್ಧ ಬರೆಯುವುದನ್ನು ಬಿಡಲಿಲ್ಲ.

ಇವರ ಚಿತ್ರಗಳಲ್ಲಿ ಬಹಳಷ್ಟು ಯಾವ ನಿಜವಾದ ಯುದ್ಧದವೂ ಅಲ್ಲ. ಊರಿಗೆ ಹೆಸರಿಲ್ಲ, ದಿನಕ್ಕೆ ತಾರೀಖಿಲ್ಲ. ಆಗ ನೆಲಕ್ಕೆ ಬೇರೆ ಕೆಲಸ ಇರುತ್ತದೆ. ಅದು ದಾರಿ ತೋರಿಸುವುದಿಲ್ಲ, ಭಾವ ಹುಟ್ಟಿಸುತ್ತದೆ. ಲೂವ್ರ್‌ನಲ್ಲಿರುವ ರೋಸಾನ ದೊಡ್ಡ ಯುದ್ಧಚಿತ್ರ (1652) ತೆಗೆದು ನೋಡಿ. ಪೋಪನ ರಾಯಭಾರಿ ಅದನ್ನು ಫ್ರಾನ್ಸಿನ 14ನೇ ಲೂಯಿಗೆ ಉಡುಗೊರೆ ಕೊಡಲು ಬರೆಸಿದ್ದು. ಮುರಿದ ದೇವಾಲಯದ ಕಂಬಗಳು, ಹಿಂದೆ ಕಲ್ಲುಗುಡ್ಡ, ಮೋಡ ಕವಿದ ಆಕಾಶ. ಯಾವ ಊರು ಅಂತ ಕೇಳಿದರೆ ಉತ್ತರ ಇಲ್ಲ. ಆ ಕಂಬಗಳು ಯಾಕಿವೆ? ಹಿಂದೆಯೂ ಹೀಗೇ ಬಡಿದಾಡಿದ್ದರು, ಎಲ್ಲ ಬಿದ್ದುಹೋಯಿತು ಅನ್ನಲಿಕ್ಕೆ ಇರಬೇಕು. ಇದು ನನ್ನ ಓದು, ನೀವು ಒಪ್ಪಬೇಕು ಅಂತಿಲ್ಲ.

ಇನ್ನು ಮೂರನೇ ಉತ್ತರವೂ ಒಂದಿದೆ: ಎರಡೂ ಕಡೆ. ಇದಕ್ಕೆ ಪ್ರಾಡೋದಲ್ಲಿರುವ, ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ‘ಬ್ರೆಡಾದ ಶರಣಾಗತಿ’ (1634–35) ನೋಡಲೇಬೇಕು. ಹೊಡೆದಾಟ ಮುಗಿದ ಮೇಲಿನ ಗಳಿಗೆ ಅದು. 1625ರ ಜೂನ್‌ನಲ್ಲಿ ಡಚ್ಚರ ಬ್ರೆಡಾ ಊರು ಸ್ಪೇನಿಗೆ ಶರಣಾಯಿತು. ಡಚ್ಚರ ಕಡೆಯ ಅಧಿಕಾರಿ ಜಸ್ಟಿನ್ ನಸ್ಸಾವು ಊರಿನ ಬೀಗದ ಕೈ ಕೊಡುತ್ತಾ ಬಾಗುತ್ತಾನೆ. ಸ್ಪೇನಿನ ಸೇನಾಪತಿ ಸ್ಪಿನೊಲಾ ಅವನ ಹೆಗಲ ಮೇಲೆ ಕೈ ಇಟ್ಟು ತಡೆಯುತ್ತಾನೆ. ಇವರಿಬ್ಬರನ್ನು ನಾವು ನೆಲದ ಮೇಲೆ ನಿಂತು, ಹತ್ತು ಹೆಜ್ಜೆ ದೂರದಿಂದ ನೋಡುತ್ತೇವೆ. ಆದರೆ ಅವರ ಹಿಂದಿನ ನೆಲವನ್ನು ಗಮನಿಸಿ. ಅದು ಎತ್ತರದಿಂದ ಕಂಡ ನೋಟ. ನೀರು ನುಗ್ಗಿಸಿದ ಬಯಲು, ಅಲ್ಲಲ್ಲಿ ಏಳುವ ಹೊಗೆ, ದೂರಕ್ಕೆ ಹೋದ ಹಾಗೆ ನೀಲಿಯಾಗುವ ಮಣ್ಣು.

ವೆಲಾಸ್ಕೆಸ್ ಬ್ರೆಡಾ ಕಂಡವನಲ್ಲ. ಕೆತ್ತನೆಗಾರ ಜಾಕ್ ಕಾಲೊ ಈ ಮುತ್ತಿಗೆಯ ದೊಡ್ಡ ನಕ್ಷೆಯೊಂದನ್ನು ಆರು ಹಾಳೆಗಳಲ್ಲಿ ಕೊರೆದು 1628ರಲ್ಲಿ ಅಚ್ಚು ಹಾಕಿಸಿದ್ದ. ವೆಲಾಸ್ಕೆಸ್‌ನ ಮುಂದೆ ಅದು ಇತ್ತು ಅಂತ ಬಲ್ಲವರು ಹೇಳುತ್ತಾರೆ. ಸ್ಪಿನೊಲಾನನ್ನು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. 1629ರಲ್ಲಿ ಇಬ್ಬರೂ ಒಟ್ಟಿಗೆ ಹಡಗಿನಲ್ಲಿ ಇಟಲಿಗೆ ಹೋಗಿದ್ದರು. ಹೀಗೆ ನಕ್ಷೆಯಿಂದ ನೆಲ ಬಂತು, ಪರಿಚಯದಿಂದ ಮುಖ ಬಂತು. ಎರಡನ್ನೂ ಹೊಲಿದ ಜಾಗ ಎಲ್ಲಿ ಅಂತ ಹುಡುಕಿ. ಮುಂದಿನ ಜನರ ತಲೆಗಳಿಗೂ ಹಿಂದಿನ ಬಯಲಿಗೂ ನಡುವೆ ಇರಬೇಕಾದ ನೆಲವೇ ಕಾಣುವುದಿಲ್ಲ. ಬಲಗಡೆ ಒಂದು ಕುದುರೆ ಬೆನ್ನು ತಿರುಗಿಸಿ ನಿಂತು, ಅದರ ದೊಡ್ಡ ಹಿಂಭಾಗ ಆ ಜಾಗವನ್ನು ಮುಚ್ಚಿಬಿಡುತ್ತದೆ. ಮೊದಲ ಸಲ ಇದು ಹೊಳೆದಾಗ ನನಗೆ ನಗು ಬಂತು. ರಾಜನ ಅರಮನೆಗೆ ಬರೆದ ಚಿತ್ರ, ಅದರ ಹೊಲಿಗೆ ಮುಚ್ಚಿದ್ದು ಕುದುರೆಯ ಕುಂಡಿ.

ಊರು ನೋಡದೆ ಯುದ್ಧ ಬರೆಯುವುದು ಆಗ ತಪ್ಪೇನಲ್ಲ. ಸ್ನೈಯರ್ಸ್ ಕೂಡ ಬಹುಪಾಲು ನಕ್ಷೆ, ವರದಿಗಳನ್ನು ನಂಬಿ ಬರೆದವನು. ಈ ಪದ್ಧತಿ ನಮ್ಮವರೆಗೂ ಬಂದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ರಾಬರ್ಟ್ ಕೆರ್ ಪೋರ್ಟರ್ ಅನ್ನುವವನು ಆ ದಾಳಿಯ ಭಾರೀ ಉದ್ದದ ಚಿತ್ರ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಅವನು ಕಾವೇರಿಯನ್ನು ಕಣ್ಣಿಂದ ಕಂಡಿರಲಿಲ್ಲ. ಆದರೆ ಸ್ನೈಯರ್ಸ್‌ನ ಶಿಷ್ಯ ಆಡಮ್ ಫ್ರಾನ್ಸ್ ವಾನ್ ಡರ್ ಮ್ಯೂಲೆನ್ (1632–1690) ಹಾಗಲ್ಲ. 14ನೇ ಲೂಯಿಯ ದಂಡಿನ ಜೊತೆ ಹೋಗಿ, ಊರುಗಳನ್ನು ಸ್ಥಳದಲ್ಲೇ ಗೆರೆ ಹಾಕಿಕೊಂಡು ಬರುತ್ತಿದ್ದ. ಅವನ ಚಿತ್ರಗಳಲ್ಲಿ ದೂರದ ಊರಿನ ಗೋಪುರಗಳನ್ನು ನಂಬಬಹುದು. ಮುಂದೆ ಕುದುರೆ ಮೇಲಿರುವ ರಾಜನ ಭಂಗಿಯನ್ನು ಅಷ್ಟು ನಂಬಬೇಡಿ.

ಹಂತ 3: ಕಣ್ಣು ಅರ್ಧ ಮುಚ್ಚಿ

ಕಣ್ಣು ಕಿರಿದು ಮಾಡಿ ನೋಡಿದರೆ ಸಣ್ಣ ವಿವರ ಮಾಯವಾಗಿ ಬಣ್ಣದ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಎಷ್ಟೋ ಚಿತ್ರಗಳಲ್ಲಿ ಮೂರು ಪಟ್ಟಿ ಸಿಗುತ್ತವೆ: ಮುಂದೆ ಕಂದು, ನಡುವೆ ಹಸಿರು, ದೂರಕ್ಕೆ ನೀಲಿ. ಮೂಲೆಯಲ್ಲಿ ಒಂದು ಕತ್ತಲೆ ತುಂಡು, ಮರವೋ ಬಂಡೆಯೋ ಸತ್ತ ಕುದುರೆಯೋ. ಅದು ಬಾಗಿಲ ಚೌಕಟ್ಟಿನ ಹಾಗೆ. ಕತ್ತಲೆ ಹತ್ತಿರ ಇದ್ದಷ್ಟೂ ಬೆಳಕು ದೂರ ಕಾಣುತ್ತದೆ.

ಆಮೇಲೆ ಓರೆಗೆರೆ ಹುಡುಕಿ. ಈಟಿ, ಬಾವುಟದ ಕೋಲು, ಗುಡ್ಡದ ಇಳಿಜಾರು, ಎತ್ತಿದ ತೋಳು ಬಹಳ ಸಲ ಒಂದೇ ಕಡೆ ವಾಲಿರುತ್ತವೆ. ಅವನ್ನೂ ಹಾಳೆಯಲ್ಲಿ ಎಳೆಯಿರಿ. ಬ್ರೆಡಾದ ಚಿತ್ರದಲ್ಲಿ ಇದು ಉಲ್ಟಾ. ಬಲಗಡೆ ಸ್ಪೇನಿನವರ ಈಟಿಗಳು ಹೆಚ್ಚುಕಡಿಮೆ ನೆಟ್ಟಗೆ, ಬಿದಿರು ಮೆಳೆಯ ಹಾಗೆ ನಿಂತಿವೆ. ಎಡಗಡೆ ಡಚ್ಚರ ಬಳಿ ಕೆಲವೇ ಕೆಲವು. ಗೆದ್ದವರು ಯಾರು ಅಂತ ಯಾರೂ ಹೇಳಬೇಕಿಲ್ಲ.

ಹಂತ 4: ಹೊಗೆಯನ್ನು ಓದಿ

ಬಂದೂಕಿನ ಕಪ್ಪು ಮದ್ದು ಸುಟ್ಟರೆ ಬಿಳಿ ದಟ್ಟ ಹೊಗೆ ಏಳುತ್ತದೆ. ಕೆಲವು ಸುತ್ತು ಗುಂಡು ಹಾರಿಸಿದರೆ ಸಾಕು, ಎದುರಿಗೆ ಯಾರಿದ್ದಾರೆ ಅಂತ ಕಾಣುತ್ತಿರಲಿಲ್ಲ. ಚಿತ್ರಕಾರನಿಗೆ ಇದು ವರ. ಹತ್ತು ಸಾವಿರ ಜನರನ್ನು ಬರೆಯುವ ಬದಲು ಹದಿನೈದು ಜನರನ್ನು ಬರೆದು, ಹಿಂದೆ ಹೊಗೆ ಬಿಟ್ಟು, ಅದರೊಳಗೆ ನಾಲ್ಕು ಈಟಿಯ ತುದಿ ತೋರಿಸಿದರೆ ಸಾಕು. ಉಳಿದ ದಂಡನ್ನು ನಾವೇ ತುಂಬಿಕೊಳ್ಳುತ್ತೇವೆ. ಸೋಮಾರಿತನವೂ ಹೌದು, ಜಾಣತನವೂ ಹೌದು.

ಹೊಗೆ, ಧೂಳು ಎರಡೂ ಒಂದಲ್ಲ ಅಂತ ಬಹಳ ಹಿಂದೆಯೇ ಬರೆದಿಟ್ಟವನು ಲಿಯೊನಾರ್ಡೊ ಡ ವಿಂಚಿ. ಧೂಳು ಭಾರ, ಬೇಗ ಕೆಳಗೆ ಕೂರುತ್ತದೆ. ಅದರ ಅತಿ ಸಣ್ಣ ಭಾಗ ಮಾತ್ರ ಮೇಲೇರಿ ಗಾಳಿಯ ಬಣ್ಣಕ್ಕೆ ತಿರುಗುತ್ತದೆ. ಓಡುವ ಕುದುರೆಯ ಹಿಂದೆ ಧೂಳಿನ ಸಣ್ಣ ಮೋಡಗಳು ಬಿಟ್ಟುಬಿಟ್ಟು ಏಳಬೇಕು. ಬಿದ್ದವನನ್ನು ಎಳೆದಿದ್ದರೆ ಮಣ್ಣಿನಲ್ಲಿ ಜಾಡು ಕಾಣಬೇಕು. ತುಳಿಯದ ಒಂದು ಅಂಗೈಯಷ್ಟು ನೆಲವನ್ನೂ ಬಿಡಬೇಡಿ ಅನ್ನುವ ಧಾಟಿ ಅವನದು. ಅವನ ಟಿಪ್ಪಣಿಗಳು 1651ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದವು.

ನೀವು ನೋಡುತ್ತಿರುವ ಚಿತ್ರವನ್ನು ಈ ಮಾತಿಗೆ ಹಚ್ಚಿ ನೋಡಿ. ಕುದುರೆಯ ಗೊರಸಿನ ಸುತ್ತ ಮಣ್ಣು ಎದ್ದಿದೆಯಾ? ಹುಲ್ಲು ತುಳಿದು ಹೋಗಿದೆಯಾ? ಅಥವಾ ಇಷ್ಟು ದೊಡ್ಡ ಕಾಳಗ ನಡೆದರೂ ನೆಲ ಸಗಣಿ ಸಾರಿಸಿದ ಅಂಗಳದಂತೆ ಚೊಕ್ಕ ಇದೆಯಾ? ಒಳ್ಳೆಯ ಕೈ, ಸುಮ್ನೆ ಮಾರುಕಟ್ಟೆಗೆ ತಯಾರಿಸಿದ ಕೈ, ಎರಡರ ವ್ಯತ್ಯಾಸ ಇಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಹಂತ 5: ಈಗ ಕುದುರೆ, ಮನುಷ್ಯರು

ಇಷ್ಟು ಹೊತ್ತು ತಡೆದಿದ್ದಕ್ಕೆ ಈಗ ಧಾರಾಳವಾಗಿ ನೋಡಿ.

ಯಾರು ಯಾವ ಕಡೆಯವರು ಅನ್ನುವ ಗೊಂದಲ ಎಲ್ಲರಿಗೂ ಬರುತ್ತದೆ. ಆ ಕಾಲದ ಬಹುತೇಕ ಸೈನ್ಯಗಳಿಗೆ ಸಮವಸ್ತ್ರ ಇರಲಿಲ್ಲ. ಹೆಗಲಿಂದ ಸೊಂಟಕ್ಕೆ ಇಳಿಬಿಟ್ಟ, ಇಲ್ಲವೇ ನಡುವಿಗೆ ಸುತ್ತಿದ ಬಟ್ಟೆಯ ಪಟ್ಟಿಯೇ ಗುರುತು. ಕೆಂಪು ಪಟ್ಟಿ ಅಂದರೆ ಸ್ಪೇನ್ ಅಥವಾ ಹ್ಯಾಬ್ಸ್‌ಬರ್ಗ್ ರಾಜಮನೆತನದ ಕಡೆ, ಕಿತ್ತಳೆ ಅಂದರೆ ಡಚ್ಚರು, ಬಿಳಿ ಅಂದರೆ ಫ್ರೆಂಚರು. ಪೇಟ, ಬಾಗಿದ ಕತ್ತಿ, ಅರ್ಧಚಂದ್ರದ ಬಾವುಟ ಕಂಡರೆ ತುರ್ಕರು. ಹೆಸರಿಲ್ಲದ ಇಟಲಿಯ ಚಿತ್ರಗಳಲ್ಲಿ ತುರ್ಕರಿಗೂ ಕ್ರೈಸ್ತ ರಾವುತರಿಗೂ ಜಗಳ ಹಚ್ಚುವುದು ತುಂಬಾ ಸಾಮಾನ್ಯ. ಪೇಟದ ಬಣ್ಣ ಚಿತ್ರಕ್ಕೆ ಕಳೆ ಕೊಡುತ್ತದಲ್ಲ!

ಆಯುಧದಿಂದಲೂ ಕಥೆ ತಿಳಿಯುತ್ತದೆ. ಕಾಲಾಳಿನ ಬಂದೂಕಿಗೆ ಉರಿಯುವ ಹಗ್ಗದ ಬತ್ತಿ ಬೇಕು. ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಕುದುರೆ ದಂಡು ಮೈಮೇಲೆ ಬಂದರೆ? ಅದಕ್ಕೇ ಪಕ್ಕದಲ್ಲಿ ಸುಮಾರು 5 ಮೀಟರ್ ಉದ್ದದ ಈಟಿ ಹಿಡಿದವರು. ಚಿತ್ರದ ದೂರದಲ್ಲಿ ಕಾಣುವ ಈಟಿಗಳ ಕಾಡು ಸುಮ್ನೆ ಅಲಂಕಾರ ಅಲ್ಲ. ರಾವುತನ ಕೈಯಲ್ಲಿ ಪಿಸ್ತೂಲು ಇರುತ್ತದೆ. ಕುದುರೆ ಮೇಲೆ ಕೂತು ಉರಿಯುವ ಬತ್ತಿ ಸಂಭಾಳಿಸುವುದು ಕಷ್ಟ. ಹಾಗಾಗಿ ಅದರಲ್ಲಿ ಚಕ್ರ ತಿರುಗಿ ಕಿಡಿ ಹಾರುವ ವ್ಯವಸ್ಥೆ. ಆದರೆ ಗುರಿ ಕಟ್ಟಬೇಕಾದರೆ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಬೇಕು. ಇಬ್ಬರು ಸವಾರರು ತೋಳು ಚಾಚಿ ಪಿಸ್ತೂಲು ಹಿಡಿದಿರುವ ಜೋಡಿ ಎಷ್ಟೋ ಚಿತ್ರಗಳಲ್ಲಿದೆ. ಸಂತೆಗೆ ಬಂದ ದನದ ಹಾಗೆ ಒಂದಕ್ಕೊಂದು ಒತ್ತಿಕೊಂಡ ಕುದುರೆಗಳು, ನಡುವೆ ಒಂದು ಕಿತ್ತಳೆ ಕಿಡಿ.

ಬಿಳಿ ಕುದುರೆ ಇದೆಯಾ ಅಂತಲೂ ನೋಡಿ. ಹಾಲೆಂಡಿನ ಹಾರ್ಲೆಮ್‌ನ ಫಿಲಿಪ್ಸ್ ವೌವರ್ಮನ್ (1619–1668) ಬರೆದ ಚಿತ್ರಗಳಲ್ಲಿ ಅದು ಅವನ ರುಜುವಿನ ಹಾಗೆ. ಕಂದು ಗದ್ದಲದ ನಡುವೆ ಒಂದು ಬಿಳಿ ಕುದುರೆ ನಿಲ್ಲಿಸಿದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅವನ ನೆಲ ಹಾರ್ಲೆಮ್ ಕಡೆಯ ಮರಳುದಿಬ್ಬ, ಮೇಲೆ ದೊಡ್ಡ ಆಕಾಶ. ಯುದ್ಧ ಎಲ್ಲಿ ನಡೆದರೂ ಮಣ್ಣು ಮಾತ್ರ ಅವನ ಊರಿನದೇ.

ಕೊನೆಗೆ ನಾಯಕನನ್ನು ಹುಡುಕಿ. ರಾಜನೋ ಸೇನಾಪತಿಯೋ ಸ್ಪಷ್ಟವಾಗಿ ಸಿಕ್ಕಿದರೆ ಚಿತ್ರ ಅವನದು. ಸಿಗದಿದ್ದರೆ ಅದಕ್ಕೂ ಹೆಸರಿದೆ. ಫ್ರಿಟ್ಸ್ ಸಾಕ್ಸ್ಲ್ ಅನ್ನುವ ಕಲಾ ಇತಿಹಾಸಕಾರ ಫಾಲ್ಕೊನೆಯ ಚಿತ್ರಗಳನ್ನು ‘ನಾಯಕನಿಲ್ಲದ ಯುದ್ಧ’ ಅಂದ. ನಮ್ಮ ಊರ ಹೊರಗಿನ ವೀರಗಲ್ಲು ನೆನಪಿಸಿಕೊಳ್ಳಿ. ಅಲ್ಲಿ ಸತ್ತವನೇ ನಾಯಕ. ಕೆಳಗೆ ಹೋರಾಡುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಕೈಲಾಸ. ಫಾಲ್ಕೊನೆಯ ಚಿತ್ರದಲ್ಲಿ ಸತ್ತವನಿಗೆ ಮೇಲಿನ ಪಟ್ಟಿ ಇಲ್ಲ. ಮೇಲೆ ಬರೀ ಹೊಗೆ. ಕೆಲವು ಚಿತ್ರಗಳ ಮೂಲೆಯಲ್ಲಿ ಹೆಣದ ಬೂಟು, ಬಟ್ಟೆ ಬಿಚ್ಚಿಕೊಳ್ಳುತ್ತಿರುವವನೂ ಇರುತ್ತಾನೆ. ಅವನನ್ನು ತಪ್ಪಿಸಬೇಡಿ.

ಹಂತ 6: ಚಿತ್ರದ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಎಲ್ಲ ಯುದ್ಧವೂ ಸಂಜೆ ಹೊತ್ತು, ಎಲ್ಲ ಮರವೂ ಒಣಗಿದ್ದು ಅನ್ನಿಸಿದರೆ ತಪ್ಪು ಚಿತ್ರಕಾರನದು ಅಲ್ಲದಿರಬಹುದು. ಮೇಲೆ ಬಳಿದ ವಾರ್ನಿಷ್ ವರ್ಷ ಕಳೆದ ಹಾಗೆ ಹಳದಿಯಾಗುತ್ತದೆ. ತಾಮ್ರದಿಂದ ಮಾಡಿದ ಹಸಿರು ಕಂದಾಗುತ್ತದೆ. ಸ್ಮಾಲ್ಟ್ ಅನ್ನುವ ನೀಲಿ ಗಾಜಿನ ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಇಟಲಿಯವರು ಕ್ಯಾನ್ವಾಸಿಗೆ ಮೊದಲು ಕಂದು ಬಳಿದು ಅದರ ಮೇಲೆ ತೆಳ್ಳಗೆ ಬರೆಯುತ್ತಿದ್ದರು. ಕಾಲ ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗಿ ಅಡಿಯ ಕಂದು ಇಣುಕುತ್ತದೆ. ಹಾಗಾಗಿ ಮಂಕಾದ ಬೂದು ಆಕಾಶ ಕಂಡರೆ ಬರೆದ ದಿನ ಅದು ನೀಲಿ ಇತ್ತೇನೋ ಅಂತ ಒಮ್ಮೆ ಊಹಿಸಿ ನೋಡಿ.

ಹಂತ 7: ಶ್ರೀರಂಗಪಟ್ಟಣದಲ್ಲಿ ಅದೇ ಪ್ರಶ್ನೆ ಕೇಳಿ

ದರಿಯಾ ದೌಲತ್ ಬಾಗ್‌ಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಅದು ಬರೋಕ್ ಅಲ್ಲವೇ ಅಲ್ಲ. ಅದಕ್ಕೇ ಹೋಲಿಸಿ ನೋಡಲು ಚೆನ್ನ. ಇಂಗ್ಲಿಷರ ಪಡೆ ಚೌಕ ಕಟ್ಟಿ ನಿಂತಿದೆ, ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ, ಮದ್ದಿನ ಬಂಡಿ ಸಿಡಿಯುತ್ತಿದೆ. ದಿಗಂತದ ಗೆರೆ ಎಳೆಯಲು ಹೊರಟರೆ ಪೆನ್ಸಿಲ್ ನಿಂತುಬಿಡುತ್ತದೆ. ಚಿತ್ರಕಾರ ಒಂದು ಕಡೆ ನಿಂತೇ ಇಲ್ಲ. ಚೌಕವನ್ನು ಮೇಲಿಂದ ನೋಡಿದ್ದಾನೆ, ಕುದುರೆಗಳನ್ನು ಪಕ್ಕದಿಂದ ನೋಡಿದ್ದಾನೆ, ಎಲ್ಲರೂ ಒಟ್ಟಿಗೇ ಕಾಣಲಿ ಅಂತ ಒಬ್ಬರ ಮೇಲೊಬ್ಬರನ್ನು ಸಾಲು ಹಚ್ಚಿದ್ದಾನೆ. ಹೊಗೆಯ ಹಿಂದೆ ಯಾರನ್ನೂ ಅಡಗಿಸಿಲ್ಲ, ಪಾಪ, ಅಷ್ಟೂ ಜನರನ್ನು ಬರೆದಿದ್ದಾನೆ. ಅಲ್ಲಿಂದ ಬಂದು ಮತ್ತೆ ಸ್ನೈಯರ್ಸ್‌ನನ್ನು ನೋಡಿದರೆ, ಅವನು ಯಾವ ಗುಡ್ಡದ ಮೇಲೆ ನಿಂತಿದ್ದಾನೆ ಅನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ.

ಹಂತ 8: ಹೆಸರಿನ ಚೀಟಿ ಕೊನೆಗೆ

ಮ್ಯೂಸಿಯಂನಲ್ಲಿ ಎಲ್ಲರೂ ಮೊದಲು ಗೋಡೆಯ ಚೀಟಿ ಓದುತ್ತಾರೆ. ನೀವು ಕೊನೆಗೆ ಓದಿ. ಚೀಟಿಯಲ್ಲಿ ಬರೀ ಹೆಸರಿದ್ದರೆ ಮ್ಯೂಸಿಯಂಗೆ ನಂಬಿಕೆ ಇದೆ ಅಂತ ಅರ್ಥ. ‘ಇವನದು ಎನ್ನಲಾದ’ ಅಂತಿದ್ದರೆ ಸ್ವಲ್ಪ ಅನುಮಾನ. ‘ಇವನ ಬಳಗ’ ಅಂದರೆ ಹತ್ತಿರದವರು ಯಾರೋ. ‘ಇವನ ರೀತಿಯಲ್ಲಿ’ ಅಂದರೆ ನಂತರ ಬಂದವರು ಯಾರೋ ಅವನ ಹಾಗೆ ಬರೆದದ್ದು. ಯುದ್ಧದ ಚಿತ್ರಗಳಿಗೆ ಬೇಡಿಕೆ ಜಾಸ್ತಿ ಇದ್ದದ್ದರಿಂದ ಕೊನೆಯ ಎರಡು ಬಗೆಯ ಚೀಟಿಗಳು ತುಂಬಾ ಸಿಗುತ್ತವೆ.

ಚಿತ್ರಕಾರನ ರುಜುವನ್ನೂ ನೆಲದಲ್ಲೇ ಹುಡುಕಿ. ಮುಂದಿನ ಕಲ್ಲಿನ ಮೇಲೆ, ಬಿದ್ದ ಡೋಲಿನ ಪಕ್ಕ, ಮೂಲೆಯ ಮಣ್ಣಿನಲ್ಲಿ. ಬ್ರೆಡಾದ ಚಿತ್ರದಲ್ಲಿ ಬಲಗಡೆ ತೀರ ಕೆಳಗೆ, ಆ ದೊಡ್ಡ ಕುದುರೆಯ ಕಾಲ ಬಳಿ, ಒಂದು ಕಾಗದದ ತುಂಡು ಬಿದ್ದಿದೆ. ಹೆಸರು ಬರೆಯಲೆಂದೇ ಇಟ್ಟ ಹಾಗಿದೆ. ದೊಡ್ಡದು ಮಾಡಿ ನೋಡಿ. ಅದರ ಮೇಲೆ ಏನೂ ಬರೆದಿಲ್ಲ.